48–48 ಅಂದರೆ ಏನರ್ಥ? ಪೆನ್ಸಿಲ್ವೇನಿಯಾದ ಚುನಾವಣಾ ಸಮೀಕ್ಷೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ನವೆಂಬರ್ 3. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಇನ್ನು ಎರಡೇ ದಿನ. ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಯೆನಾ ಕಾಲೇಜು ಸೇರಿ ಮಾಡಿದ ಕೊನೆಯ ಸಮೀಕ್ಷೆ ಅವತ್ತು ಹೊರಬಿತ್ತು. ಪೆನ್ಸಿಲ್ವೇನಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯಾರಿಸ್ ಶೇ. 48, ರಿಪಬ್ಲಿಕನ್ ಪಕ್ಷದ ಟ್ರಂಪ್ ಶೇ. 48. ಮನೆಯವರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿದೆ. ಚಿಕ್ಕಪ್ಪ ಒಂದೇ ಸಾಲು ಬರೆದರು: "ಇಷ್ಟು ಹೇಳೋಕೆ ಸಮೀಕ್ಷೆ ಯಾಕಪ್ಪ ಬೇಕಿತ್ತು?"

ಅಲ್ಲಿಂದ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಆಫೀಸಿನಲ್ಲಿ ಕೇಳಿದವರದ್ದು, ಪಿಟ್ಸ್‌ಬರ್ಗ್‌ನಲ್ಲಿರುವ ಗೆಳೆಯರದ್ದು, ಚಿಕ್ಕಪ್ಪನದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ.

ಇಡೀ ಅಮೆರಿಕ ಬಿಟ್ಟು ಪೆನ್ಸಿಲ್ವೇನಿಯಾ ಒಂದರ ಮೇಲೆ ಯಾಕೆ ಎಲ್ಲರ ಕಣ್ಣು?

ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ದೇಶದ ಒಟ್ಟು ಮತವಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟೋರಲ್ ಮತಗಳಿವೆ. ಒಟ್ಟು 538, ಗೆಲ್ಲಲು 270 ಬೇಕು. ಮೇಯ್ನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಕಡೆಯೆಲ್ಲ ರಾಜ್ಯ ಗೆದ್ದವರಿಗೆ ಅಷ್ಟೂ ಮತ ಹೋಗುತ್ತದೆ. ಒಂದು ಮತದಿಂದ ಗೆದ್ದರೂ ಅಷ್ಟೇ, ಹತ್ತು ಲಕ್ಷದಿಂದ ಗೆದ್ದರೂ ಅಷ್ಟೇ.

ಕ್ಯಾಲಿಫೋರ್ನಿಯಾ ಯಾರ ಕಡೆ ಅಂತ ಮೊದಲೇ ಗೊತ್ತಿರುತ್ತದೆ. 2024ರಲ್ಲಿ ಯಾವ ಕಡೆ ಬೇಕಾದರೂ ವಾಲಬಹುದು ಅನ್ನಿಸಿದ್ದು ಏಳು ರಾಜ್ಯಗಳು: ಪೆನ್ಸಿಲ್ವೇನಿಯಾ, ಮಿಚಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ. ಇವುಗಳಲ್ಲಿ ಪೆನ್ಸಿಲ್ವೇನಿಯಾದ್ದೇ ದೊಡ್ಡ ಗಂಟು, 19 ಮತ.

ಅಲ್ಲಿನ ಅಂತರ ಎಷ್ಟು ಸಣ್ಣದು ನೋಡಿ. 2016ರಲ್ಲಿ ಟ್ರಂಪ್ ಗೆದ್ದಿದ್ದು 44,292 ಮತಗಳಿಂದ. 2020ರಲ್ಲಿ ಬೈಡನ್ 80,555ರಿಂದ. 2024ರಲ್ಲಿ ಮತ್ತೆ ಟ್ರಂಪ್, ಸುಮಾರು 1.2 ಲಕ್ಷದಿಂದ. ನಮ್ಮಲ್ಲಿ ಒಂದೊಂದು ಲೋಕಸಭಾ ಕ್ಷೇತ್ರದಲ್ಲೇ ಇದಕ್ಕಿಂತ ದೊಡ್ಡ ಅಂತರ ಬರುತ್ತದೆ. ಇದು ಇಡೀ ರಾಜ್ಯದ ಲೆಕ್ಕ.

48–48 ಅಂದರೆ ಇಬ್ಬರೂ ಸಮ ಅಂತ ತಾನೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. "ಇಬ್ಬರೂ ಸಮ ಇದ್ದಾರೆ" ಅನ್ನುವುದು ಬೇರೆ, "ಯಾರು ಮುಂದಿದ್ದಾರೆ ಅಂತ ಈ ಸಮೀಕ್ಷೆಗೆ ಕಾಣುತ್ತಿಲ್ಲ" ಅನ್ನುವುದು ಬೇರೆ. 48–48 ಹೇಳುವುದು ಎರಡನೆಯದ್ದನ್ನು.

ಫಲಿತಾಂಶ ಬಂದಾಗ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್‌ಗೆ ಶೇ. 50.4, ಹ್ಯಾರಿಸ್‌ಗೆ ಶೇ. 48.7. ಸಮೀಕ್ಷೆ ಹ್ಯಾರಿಸ್ ವಿಷಯದಲ್ಲಿ ಒಂದು ಅಂಕಕ್ಕಿಂತ (ಅಂಕ ಅಂದರೆ ನೂರರಲ್ಲಿ ಒಂದು) ಕಡಿಮೆ ತಪ್ಪಿತ್ತು. ಟ್ರಂಪ್ ವಿಷಯದಲ್ಲಿ ಎರಡೂವರೆ ಅಂಕದಷ್ಟು. ನನ್ನ ಕೇಳಿದರೆ ಅದು ಒಳ್ಳೆಯ ಸಮೀಕ್ಷೆಯೇ. ಟಿವಿಯಲ್ಲಿ ಮಾತ್ರ "ಸಮೀಕ್ಷೆ ಮತ್ತೆ ಫೇಲ್" ಅಂತ ಓಡುತ್ತಿತ್ತು.

ಮಾರ್ಜಿನ್ ಆಫ್ ಎರರ್, ಅಂದರೆ ಸಂಖ್ಯೆ ಎಷ್ಟು ಆಚೆ ಈಚೆ ಆಗಬಹುದು ಅನ್ನುವ ಅಳತೆ, ಎಲ್ಲಿಂದ ಬರುತ್ತದೆ?

ಇದನ್ನು ಮನೆಯಲ್ಲೇ ನೋಡಬಹುದು. ಮಳೆ ಬರುತ್ತಿದ್ದ ಒಂದು ಭಾನುವಾರ ನಾನೂ ಮಗಳೂ ಕೂತು ಮಾಡಿದ್ದು ಇದು. ಕೇರಂ ಡಬ್ಬಿಯಿಂದ ಒಂಬತ್ತು ಕಪ್ಪು, ಒಂಬತ್ತು ಬಿಳಿ ಕಾಯಿ ತೆಗೆದು ಬಟ್ಟೆಯ ಚೀಲಕ್ಕೆ ಹಾಕಿದೆವು. ಅವಳು ಕಣ್ಣು ಮುಚ್ಚಿ ಒಂದನ್ನು ತೆಗೆಯುವುದು, ನಾನು ಬಣ್ಣ ಬರೆದುಕೊಳ್ಳುವುದು, ಕಾಯಿ ವಾಪಸ್ ಚೀಲಕ್ಕೆ, ಚೀಲ ಚೆನ್ನಾಗಿ ಅಲ್ಲಾಡಿಸುವುದು. ಹೀಗೆ ನೂರು ಸಲ.

ಮೊದಲ ನೂರರಲ್ಲಿ ಕಪ್ಪು 56, ಬಿಳಿ 44. ಎರಡನೇ ನೂರರಲ್ಲಿ 47–53. ಮೂರನೆಯದ್ದರಲ್ಲಿ 51–49. ಮೊದಲನೆಯದು ಮುಗಿದಾಗಲೇ ಮಗಳಿಗೆ ಅನುಮಾನ: "ಅಪ್ಪಾ, ಕಪ್ಪು ಜಾಸ್ತಿ ಹಾಕಿದ್ದೀಯಾ?" ಚೀಲ ಸುರಿದು ಎಣಿಸಿ ತೋರಿಸಬೇಕಾಯಿತು. ಒಂಬತ್ತು, ಒಂಬತ್ತು.

ಯಾರೂ ಮೋಸ ಮಾಡಿರಲಿಲ್ಲ. ಎಲ್ಲರನ್ನೂ ಕೇಳದೆ ಕೆಲವರನ್ನು ಕೇಳಿದಾಗ ಇಷ್ಟು ಏರುಪೇರು ಬಂದೇ ಬರುತ್ತದೆ. ನೂರು ಜನರ ಸ್ಯಾಂಪಲ್ ಆದರೆ ಆಚೆ ಈಚೆ ಸುಮಾರು 10 ಅಂಕ. 600 ಜನಕ್ಕೆ 4, ಸಾವಿರಕ್ಕೆ 3. ಇಪ್ಪತ್ತು ಸಲ ಸಮೀಕ್ಷೆ ಮಾಡಿದರೆ ಹತ್ತೊಂಬತ್ತು ಸಲ ನಿಜವಾದ ಸಂಖ್ಯೆ ಈ ಬೇಲಿಯೊಳಗೆ ಇರುತ್ತದೆ ಅಂತ ಅದರ ಅರ್ಥ. ಇಪ್ಪತ್ತರಲ್ಲಿ ಒಂದು ಸಲ ಬೇಲಿ ಹಾರುತ್ತದೆ, ಅದೂ ನೆನಪಿರಲಿ.

ಒಬ್ಬರು 3 ಅಂಕ ಮುಂದಿದ್ದಾರೆ, ಮಾರ್ಜಿನ್ ಕೂಡ 3. ಹಾಗಾದರೆ ಮುನ್ನಡೆ ಪಕ್ಕಾ ಅಲ್ವಾ?

ಇಲ್ಲ. ಆ 3 ಇರುವುದು ಒಬ್ಬೊಬ್ಬರ ಸಂಖ್ಯೆಗೆ, ಇಬ್ಬರ ನಡುವಿನ ಅಂತರಕ್ಕಲ್ಲ. ಹ್ಯಾರಿಸ್ 3 ಮೇಲೆ ಹೋದರೆ ಆ ಮತ ಬಹುಮಟ್ಟಿಗೆ ಟ್ರಂಪ್ ಕಡೆಯಿಂದಲೇ ಬಂದಿರುತ್ತದೆ, ಅವರು 3 ಕೆಳಗೆ ಇಳಿದಿರುತ್ತಾರೆ. ಹಾಗಾಗಿ ಅಂತರದ ಮಾರ್ಜಿನ್ ಸುಮಾರು ಎರಡರಷ್ಟು, ಅಂದರೆ 6.

2016ರ ಪೆನ್ಸಿಲ್ವೇನಿಯಾವನ್ನೇ ತೆಗೆದುಕೊಳ್ಳಿ. ಅಂತರ ಶೇ. 0.7. ಸಾವಿರ ಜನರನ್ನು ಕೇಳಿದರೆ ಅದು ಬರೀ ಏಳು ಜನರ ವ್ಯತ್ಯಾಸ. ಸಮೀಕ್ಷೆಯ ಏರುಪೇರು ಅರವತ್ತು ಜನರದ್ದು. ಅರವತ್ತು ಜನರ ಗದ್ದಲದಲ್ಲಿ ಏಳು ಜನರ ಪಿಸುಮಾತು ಯಾರಿಗೆ ಕೇಳಿಸುತ್ತದೆ?

ಹಾಗಂತ 3 ಅಂಕದ ಮುನ್ನಡೆಗೆ ಬೆಲೆಯೇ ಇಲ್ಲ ಅಂತಲ್ಲ. ಸಾವಿರ ಜನರ ಸಮೀಕ್ಷೆಯಲ್ಲಿ ಒಬ್ಬರು 3 ಅಂಕ ಮುಂದಿದ್ದರೆ, ಸ್ಯಾಂಪಲಿನ ಏರುಪೇರು ಮಾತ್ರ ಲೆಕ್ಕಕ್ಕೆ ಹಿಡಿದರೆ, ಅವರು ನಿಜಕ್ಕೂ ಮುಂದಿರುವ ಸಾಧ್ಯತೆ ನೂರಕ್ಕೆ ಎಂಬತ್ತರ ಮೇಲೆ. 1 ಅಂಕ ಮುಂದಿದ್ದರೆ ಅರವತ್ತರ ಆಸುಪಾಸು. "ಮಾರ್ಜಿನ್ ಒಳಗಿದೆ, ಆದ್ದರಿಂದ ಟೈ" ಅನ್ನುವುದೂ ಅರ್ಧ ಸತ್ಯವೇ.

ಜಾಸ್ತಿ ಜನರನ್ನು ಕೇಳಿದರೆ ಮುಗೀತಲ್ಲ?

ಒಂದು ಅಂಕದ ಅಂತರವನ್ನು ನಂಬಿಕೆಯಿಂದ ಹೇಳಲು ಸುಮಾರು 38,000 ಜನರನ್ನು ಕೇಳಬೇಕು. ಅಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ದುಡ್ಡಿದ್ದರೂ ಕಥೆ ಮುಗಿಯುವುದಿಲ್ಲ. 1936ರಲ್ಲಿ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು 24 ಲಕ್ಷ ಜನರ ಉತ್ತರ ಸೇರಿಸಿ ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು.

ಎಷ್ಟು ಜನ ಅನ್ನುವುದಕ್ಕಿಂತ ಯಾವ ಜನ ಅನ್ನುವುದು ದೊಡ್ಡದು.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕಲ್ವಾ? ಇಲ್ಲಿ ಏನು ತೊಂದರೆ?

ಅಗುಳಿಗೆ ಫೋನ್ ಮಾಡಬೇಕಾಗಿಲ್ಲ, ಅದು ತೊಂದರೆ! ಅಗುಳು "ಈಗ ಬಿಡುವಿಲ್ಲ" ಅನ್ನುವುದಿಲ್ಲ, ಗೊತ್ತಿಲ್ಲದ ನಂಬರ್ ಕಟ್ ಮಾಡುವುದಿಲ್ಲ.

ಪ್ಯೂ ರಿಸರ್ಚ್ ಸೆಂಟರ್ 1997ರಲ್ಲಿ ಫೋನ್ ಸಮೀಕ್ಷೆ ಮಾಡಿದಾಗ ನೂರರಲ್ಲಿ 36 ಜನ ಮಾತಾಡುತ್ತಿದ್ದರು. 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಉಳಿದ 94 ಜನ ಈ ಆರು ಜನರ ಥರವೇ ಯೋಚಿಸುತ್ತಾರೆ ಅಂತ ಹೇಗೆ ಹೇಳುವುದು? 2016ರಲ್ಲಿ ಪೆಟ್ಟು ಬಿದ್ದಿದ್ದೇ ಇಲ್ಲಿ. ಡಿಗ್ರಿ ಓದಿದವರು ಸಮೀಕ್ಷೆಗೆ ಜಾಸ್ತಿ ಉತ್ತರ ಕೊಟ್ಟರು, ಅವರಲ್ಲಿ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಪರ ಇದ್ದವರು ಜಾಸ್ತಿ. ಎಷ್ಟೋ ರಾಜ್ಯಮಟ್ಟದ ಸಮೀಕ್ಷೆಗಳು ಓದಿನ ಲೆಕ್ಕ ಹಿಡಿದು ಅದನ್ನು ಸರಿಪಡಿಸಿರಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಹೆಸರುವಾಸಿಯಾದ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಲಾ ಸ್ಕೂಲ್ ಸಮೀಕ್ಷೆ ಕೊನೆಗೆ ಕ್ಲಿಂಟನ್ 46, ಟ್ರಂಪ್ 40 ಅಂದಿತ್ತು. ಟ್ರಂಪ್ 22,748 ಮತಗಳಿಂದ ಗೆದ್ದರು.

ಹಾಗಾದರೆ ಸಂಖ್ಯೆಗಳನ್ನು "ಸರಿಪಡಿಸುತ್ತಾರೆ" ಅಂದರೆ ತಿದ್ದುತ್ತಾರೆ ಅಂತ ಅರ್ಥವಾ?

ತಿದ್ದುವುದಲ್ಲ, ತೂಕ ಹಾಕುವುದು. ರಾಜ್ಯದ ಮತದಾರರಲ್ಲಿ ಡಿಗ್ರಿ ಇಲ್ಲದವರು ನೂರಕ್ಕೆ ಅರವತ್ತು ಜನ ಇರಬೇಕಾದಲ್ಲಿ ಸ್ಯಾಂಪಲಿನಲ್ಲಿ ನಲವತ್ತೇ ಜನ ಸಿಕ್ಕರು ಅನ್ನಿ. ಆ ನಲವತ್ತರಲ್ಲಿ ಒಬ್ಬೊಬ್ಬರ ಉತ್ತರವನ್ನೂ ಒಂದೂವರೆ ಅಂತ ಎಣಿಸುತ್ತಾರೆ. ವಯಸ್ಸು, ಊರು, ಜನಾಂಗ, ಗಂಡು-ಹೆಣ್ಣು, ಎಲ್ಲದಕ್ಕೂ ಹೀಗೇ. ಪೆನ್ಸಿಲ್ವೇನಿಯಾದಲ್ಲಿ ಮತದಾರರ ಪಟ್ಟಿಯಲ್ಲೇ ಪಕ್ಷದ ನೋಂದಣಿ ಇರುತ್ತದೆ, ಯಾವ ಚುನಾವಣೆಯಲ್ಲಿ ಮತ ಹಾಕಿದ್ದರು ಅನ್ನುವುದೂ ಇರುತ್ತದೆ. ಯಾರಿಗೆ ಹಾಕಿದರು ಅನ್ನುವುದು ಇರುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ.

ಇನ್ನೊಂದು ತಲೆನೋವು ಅಂದರೆ ಯಾರು ನಿಜವಾಗಿ ಮತ ಹಾಕಲು ಹೋಗುತ್ತಾರೆ ಅನ್ನುವುದು. ಪೆನ್ಸಿಲ್ವೇನಿಯಾದ ಪಟ್ಟಿಯಲ್ಲಿ 2024ರಲ್ಲಿ ಸುಮಾರು 90 ಲಕ್ಷ ಹೆಸರುಗಳಿದ್ದವು. ಮತ ಹಾಕಿದ್ದು ಸುಮಾರು 70 ಲಕ್ಷ. ಆ ಇಪ್ಪತ್ತು ಲಕ್ಷ ಯಾರು ಅಂತ ಮೊದಲೇ ಊಹಿಸಬೇಕು.

ಈ ಊಹೆಯ ಬೆಲೆ ಎಷ್ಟು ಅಂತ 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಪ್ರಯೋಗ ಮಾಡಿ ತೋರಿಸಿತು. ಫ್ಲಾರಿಡಾದ 867 ಜನರ ಉತ್ತರಗಳನ್ನು ನಾಲ್ಕು ಬೇರೆ ಬೇರೆ ತಂಡಗಳಿಗೆ ಕೊಟ್ಟರು. ಅದೇ ಜನ, ಅದೇ ಉತ್ತರ. ಒಂದು ತಂಡಕ್ಕೆ ಕ್ಲಿಂಟನ್ 4 ಅಂಕ ಮುಂದೆ ಕಂಡರು, ಇನ್ನೊಂದಕ್ಕೆ ಟ್ರಂಪ್ 1 ಅಂಕ ಮುಂದೆ. ಐದು ಅಂಕದ ವ್ಯತ್ಯಾಸ, ಯಾರೂ ಸುಳ್ಳು ಹೇಳದೆ! ಹೇಳಿಕೊಂಡ ಮಾರ್ಜಿನ್‌ನಲ್ಲಿ ಇದ್ಯಾವುದೂ ಸೇರಿರುವುದಿಲ್ಲ. ಸಮೀಕ್ಷೆಗಳ ಬಗ್ಗೆ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಎಲ್ಲ ಸಮೀಕ್ಷೆಗಳ ಸರಾಸರಿ ತೆಗೆದರೆ?

ಒಂದೊಂದನ್ನೇ ನೋಡುವುದಕ್ಕಿಂತ ಖಂಡಿತ ವಾಸಿ. 2020ರ ಅಕ್ಟೋಬರ್ ಕೊನೆಯಲ್ಲಿ ವಿಸ್ಕಾನ್ಸಿನ್‌ನಲ್ಲಿ ಬೈಡನ್ 17 ಅಂಕ ಮುಂದೆ ಅಂತ ಒಂದು ಸಮೀಕ್ಷೆ ಬಂದಿತ್ತು. ಅದೊಂದನ್ನೇ ನಂಬಿದವರ ಗತಿ ಏನು? ಅಂತಿಮ ಅಂತರ ಶೇ. 0.6.

ಆದರೆ ಸರಾಸರಿ ಕಳೆಯುವುದು ಕೇರಂ ಚೀಲದ ಏರುಪೇರನ್ನು ಮಾತ್ರ. ಎಲ್ಲರೂ ಒಂದೇ ಕಡೆ ತಪ್ಪಿದರೆ ಸರಾಸರಿಯೂ ಆ ಕಡೆಯೇ ತಪ್ಪುತ್ತದೆ. ಅದೇ 2020ರಲ್ಲಿ ವಿಸ್ಕಾನ್ಸಿನ್‌ನ ಸರಾಸರಿಯೇ ಬೈಡನ್ ಪರ 8ರ ಆಸುಪಾಸು ಇತ್ತು. ಆ ವರ್ಷದ ಸಮೀಕ್ಷೆಗಳ ತಪ್ಪು 40 ವರ್ಷಗಳಲ್ಲೇ ದೊಡ್ಡದು ಅಂತ ಸಮೀಕ್ಷೆ ಮಾಡುವವರ ಸಂಘವೇ ವರದಿ ಕೊಟ್ಟಿತು.

ತಪ್ಪು ರಾಜ್ಯದಿಂದ ರಾಜ್ಯಕ್ಕೂ ಹಬ್ಬುತ್ತದೆ. 2016ರಲ್ಲಿ ಪೆನ್ಸಿಲ್ವೇನಿಯಾ, ಮಿಚಿಗನ್, ವಿಸ್ಕಾನ್ಸಿನ್ ಮೂರೂ ಒಟ್ಟಿಗೆ ಟ್ರಂಪ್ ಕಡೆ ಹೋದವು. 2024ರಲ್ಲಿ ಏಳಕ್ಕೆ ಏಳೂ ಹೋದವು. "ಏಳೂ ಸಮಬಲ ಅಂದಿದ್ದರಲ್ಲ, ಕೊನೆಗೆ ನಾಲ್ಕು–ಮೂರು ಹಂಚಿಕೆ ಆಗಬೇಕಿತ್ತು" ಅಂತ ಗೆಳೆಯನೊಬ್ಬ ವಾದ ಮಾಡಿದ. ಅವು ಏಳು ಬೇರೆ ಬೇರೆ ನಾಣ್ಯಗಳಾಗಿದ್ದರೆ ಅವನ ಮಾತು ಸರಿ. ಅವು ಒಂದೇ ಹಗ್ಗಕ್ಕೆ ಕಟ್ಟಿದ ಏಳು ದೋಣಿಗಳು.

ಸಮೀಕ್ಷೆಗಳು ಯಾವಾಗಲೂ ಟ್ರಂಪ್‌ಗೆ ಕಡಿಮೆ ತೋರಿಸುತ್ತವೆ. ಅವರ ಪಕ್ಷಕ್ಕೆ 3 ಅಂಕ ನಾವೇ ಸೇರಿಸಿಕೊಂಡರೆ?

2016, 2020, 2024, ಮೂರು ಸಲವೂ ಅವರಿಗೆ ಕಡಿಮೆ ತೋರಿಸಿದ್ದು ನಿಜ. ಆದರೆ 2022ರಲ್ಲಿ ಇದೇ ಪೆನ್ಸಿಲ್ವೇನಿಯಾದ ಸೆನೆಟ್ ಚುನಾವಣೆಯಲ್ಲಿ ಸರಾಸರಿಗಳು ರಿಪಬ್ಲಿಕನ್ ಪಕ್ಷದ ಆಜ್ ಕೂದಲೆಳೆಯಷ್ಟು ಮುಂದೆ ಅಂದಿದ್ದವು. ಡೆಮಾಕ್ರಟಿಕ್ ಪಕ್ಷದ ಫೆಟರ್‌ಮನ್ ಸುಮಾರು 5 ಅಂಕಗಳಿಂದ ಗೆದ್ದರು. 2012ರಲ್ಲೂ ಒಬಾಮಾಗೆ ಕಡಿಮೆ ತೋರಿಸಿದ್ದವು. ತಪ್ಪು ಆಗುತ್ತದೆ ಅನ್ನುವುದು ಗೊತ್ತು, ಯಾವ ಕಡೆ ಅನ್ನುವುದು ಗೊತ್ತಿಲ್ಲ. ಗೊತ್ತಿದ್ದರೆ ಸಮೀಕ್ಷೆಯವರೇ ಸರಿ ಮಾಡಿಕೊಳ್ಳುತ್ತಿದ್ದರು.

ಎಲ್ಲ ಸಮೀಕ್ಷೆಗಳೂ ಒಂದೇ ಉತ್ತರ ಕೊಟ್ಟರೆ ಧೈರ್ಯವಾಗಿ ನಂಬಬಹುದಾ?

ನನಗಂತೂ ಆಗ ಅನುಮಾನ ಜಾಸ್ತಿ. ಲೆಕ್ಕ ನೋಡಿ. ರಾಜ್ಯದಲ್ಲಿ ನಿಜಕ್ಕೂ ಸಮಬಲ ಇದೆ, 800 ಜನರ ಇಪ್ಪತ್ತು ಸಮೀಕ್ಷೆ ಮಾಡಿದ್ದಾರೆ ಅಂದುಕೊಳ್ಳಿ. ಸುಮ್ನೆ ಅದೃಷ್ಟದ ಆಟಕ್ಕೇ ಅವುಗಳಲ್ಲಿ ಅರ್ಧಕ್ಕೆ ಹತ್ತಿರ ಯಾರಾದರೊಬ್ಬರನ್ನು ಎರಡೂವರೆ ಅಂಕಕ್ಕಿಂತ ಜಾಸ್ತಿ ಮುಂದೆ ತೋರಿಸಬೇಕು. ಇಪ್ಪತ್ತೂ ಒಂದು ಅಂಕದೊಳಗೆ ಬಂದು ಕೂತರೆ ಏನೋ ನಡೆದಿದೆ. ಪರೀಕ್ಷೆಯಲ್ಲಿ ಇಡೀ ಬೆಂಚಿನವರು ಒಂದೇ ಉತ್ತರ ಬರೆದರೆ ಮೇಷ್ಟ್ರಿಗೆ ಅನ್ನಿಸುವ ಹಾಗೆ.

2024ರ ಕೊನೆಯ ವಾರಗಳಲ್ಲಿ ಪೆನ್ಸಿಲ್ವೇನಿಯಾದ ಬಗ್ಗೆ ಇದೇ ಮಾತು ಎದ್ದಿತ್ತು. ಗುಂಪು ಬಿಟ್ಟು ಒಂಟಿಯಾಗಿ ತಪ್ಪಿದರೆ ಮಾನ ಹೋಗುತ್ತದೆ, ಎಲ್ಲರ ಜೊತೆ ತಪ್ಪಿದರೆ ಅಷ್ಟು ಬೇಜಾರಿಲ್ಲ. ಅದಕ್ಕೇ ಕೆಲವರು ಬೇರೆ ಥರ ಬಂದ ಸಂಖ್ಯೆಯನ್ನು ಹೊರಗೆ ಬಿಡುವುದೇ ಇಲ್ಲ. ಎಲ್ಲರೂ ಕಳ್ಳರು ಅಂತ ಹೇಳಲಾಗದು, ಇನ್ನೊಂದು ಕಾರಣವೂ ಇದೆ. "ಹೋದ ಸಲ ಯಾರಿಗೆ ಹಾಕಿದಿರಿ?" ಅಂತ ಕೇಳಿ, ಆ ಉತ್ತರ 2020ರ ಫಲಿತಾಂಶಕ್ಕೆ ಹೊಂದುವ ಹಾಗೆ ತೂಕ ಹಾಕಿದರೆ ಸಂಖ್ಯೆಗಳು ತಾವಾಗಿಯೇ ಹಳೆಯ ಫಲಿತಾಂಶದ ಹತ್ತಿರ ಬಂದು ನಿಲ್ಲುತ್ತವೆ.

ಒಂಟಿಯಾಗಿ ನಿಂತವರಿಗೆ ಏನಾಗುತ್ತದೆ ಅನ್ನುವುದಕ್ಕೆ ಅಯೋವಾ ರಾಜ್ಯದಲ್ಲಿ ಸಮೀಕ್ಷೆ ಮಾಡುತ್ತಿದ್ದ ಆನ್ ಸೆಲ್ಜರ್ ಉದಾಹರಣೆ. ಹಿಂದಿನ ಚುನಾವಣೆಗಳಲ್ಲಿ ಎಲ್ಲರೂ ತಪ್ಪಿದಾಗ ಅವರು ಸರಿ ಹೇಳಿ ಹೆಸರು ಮಾಡಿದ್ದರು. 2024ರಲ್ಲಿ ಹ್ಯಾರಿಸ್ 3 ಅಂಕ ಮುಂದೆ ಅಂತ ಬಂತು, ಬಂದದ್ದನ್ನು ಬಂದ ಹಾಗೆ ಪ್ರಕಟಿಸಿದರು. ಟ್ರಂಪ್ 13 ಅಂಕಗಳಿಂದ ಗೆದ್ದರು. ಎಲ್ಲರೂ ಅವರನ್ನು ಆಡಿಕೊಂಡರು. ನನಗೆ ಮಾತ್ರ ಆ ಸಂಖ್ಯೆಯನ್ನು ಮೇಜಿನ ಡ್ರಾಯರ್‌ನಲ್ಲಿ ಬಚ್ಚಿಡದ ಧೈರ್ಯದ ಮೇಲೆ ಗೌರವ ಇದೆ.

48 ಮತ್ತು 48 ಕೂಡಿದರೆ 96. ಉಳಿದ ನಾಲ್ಕು ಎಲ್ಲಿ ಹೋಯಿತು?

ಇನ್ನೂ ಮನಸ್ಸು ಮಾಡದವರು, ಸಣ್ಣ ಪಕ್ಷದವರು, ಹೇಳಲು ಇಷ್ಟವಿಲ್ಲದವರು. ಅಂತರ ಒಂದೂ ಇಲ್ಲದಿರುವಾಗ ಈ ನಾಲ್ಕೇ ದೊಡ್ಡದು. 2016ರ ಪೆನ್ಸಿಲ್ವೇನಿಯಾದಲ್ಲಿ ಗ್ರೀನ್ ಪಕ್ಷದ ಜಿಲ್ ಸ್ಟೈನ್ ಪಡೆದ ಮತ ಸುಮಾರು 50,000, ಟ್ರಂಪ್ ಗೆದ್ದ ಅಂತರಕ್ಕಿಂತ ಜಾಸ್ತಿ. ಅವೆಲ್ಲ ಕ್ಲಿಂಟನ್‌ಗೇ ಬೀಳುತ್ತಿದ್ದವು ಅಂತ ಹೇಳಲಾಗದು, ಮನೆಯಲ್ಲೇ ಕೂತುಬಿಡುತ್ತಿದ್ದವರೂ ಇರುತ್ತಾರೆ. ಆ ಸಲ ಕೊನೆಯ ವಾರದಲ್ಲಿ ಮನಸ್ಸು ಮಾಡಿದವರು ಇಲ್ಲೂ ವಿಸ್ಕಾನ್ಸಿನ್‌ನಲ್ಲೂ ಟ್ರಂಪ್ ಕಡೆ ವಾಲಿದ್ದರು. ಹಾಗಾಗಿ 48–48ಕ್ಕೂ 44–44ಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಇನ್ನೂ ಏನು ಬೇಕಾದರೂ ಆಗಬಹುದು.

ನಮ್ಮವರು ಯಾರಿಗೆ ಹಾಕುತ್ತಾರೆ ಅಂತ ಇದರಲ್ಲಿ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಭಾರತ ಮೂಲದವರು ನೂರಕ್ಕೆ ಒಬ್ಬರೋ ಇಬ್ಬರೋ. 800 ಜನರ ಸಮೀಕ್ಷೆಯಲ್ಲಿ ಹತ್ತು ಜನ ಸಿಕ್ಕರೆ ಹೆಚ್ಚು. ಅದರಲ್ಲಿ ಕನ್ನಡದವರು? ಅರ್ಧ ಜನ! "ಏಷ್ಯನ್ ಮತದಾರರಲ್ಲಿ ಭಾರಿ ಬದಲಾವಣೆ" ಅಂತ ಒಂದು ರಾಜ್ಯದ ಸಮೀಕ್ಷೆಯ ಒಳಕೋಷ್ಟಕ ಹಿಡಿದು ಯಾರಾದರೂ ಬರೆದರೆ ಮುಂದಕ್ಕೆ ಹೋಗಿ. ನೂರು ಜನರ ಉಪಗುಂಪಿನಲ್ಲೂ ಮುನ್ನಡೆಯ ಮಾರ್ಜಿನ್ 20 ಅಂಕ.

ಭಾರತ ಮೂಲದವರನ್ನೇ ಹುಡುಕಿ ಮಾಡುವ ಸಮೀಕ್ಷೆ ಬೇರೆ ಇದೆ. ಕಾರ್ನೆಗೀ ಸಂಸ್ಥೆ ಯೂಗವ್ (YouGov) ಅನ್ನುವ ಸಮೀಕ್ಷಾ ಕಂಪನಿಯ ಜೊತೆ ಸೇರಿ ಇಡೀ ದೇಶದ ಮಟ್ಟದಲ್ಲಿ ಮಾಡುತ್ತದೆ. 2024ರಲ್ಲಿ ಅದರ ಪ್ರಕಾರ ಶೇ. 61 ಹ್ಯಾರಿಸ್ ಕಡೆ, ಶೇ. 32 ಟ್ರಂಪ್ ಕಡೆ ಇದ್ದರು. ರಾಜ್ಯವಾರು ಒಡೆದು ನೋಡುವಷ್ಟು ಜನ ಅದರಲ್ಲೂ ಇಲ್ಲ.

"ಗೆಲ್ಲುವ ಸಾಧ್ಯತೆ ಶೇ. 71" ಅಂತ ಬರೆಯುತ್ತಾರಲ್ಲ, ಅದು ಮತದ ಪಾಲಾ?

ಅಲ್ಲ. 2016ರಲ್ಲಿ ಫೈವ್‌ಥರ್ಟಿಎಯ್ಟ್ ಅನ್ನುವ ಚುನಾವಣಾ ಲೆಕ್ಕಾಚಾರದ ವೆಬ್‌ಸೈಟ್ ಕ್ಲಿಂಟನ್‌ಗೆ ಕೊಟ್ಟಿದ್ದು ಹೆಚ್ಚುಕಡಿಮೆ ಇಷ್ಟೇ. ಹತ್ತರಲ್ಲಿ ಮೂರು ಸಲ ಸೋಲಬಹುದು ಅಂತ ಅರ್ಥ. ಸೋತರು.

ನಮ್ಮ ಎಕ್ಸಿಟ್ ಪೋಲ್ ಥರವೇ ಅಲ್ವಾ ಇದೂ?

ಎಕ್ಸಿಟ್ ಪೋಲ್ ಮತ ಹಾಕಿ ಬಂದವರನ್ನು ಕೇಳುವುದು, ಇದು ಹಾಕುವ ಮೊದಲೇ ಕೇಳುವುದು. ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ತೋರಿಸುವಂತಿಲ್ಲ, ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಸಮೀಕ್ಷೆಯನ್ನೂ ತೋರಿಸುವಂತಿಲ್ಲ. ಅಮೆರಿಕದಲ್ಲಿ ಸಮೀಕ್ಷೆಗೆ ಆ ತಡೆ ಇಲ್ಲ, ಮತದಾನದ ಹಿಂದಿನ ರಾತ್ರಿಯೂ ಬರುತ್ತಿರುತ್ತವೆ.

ನಮ್ಮವರ ಕೆಲಸ ಇನ್ನೂ ಕಷ್ಟ. ಮತದ ಪಾಲು ಹಿಡಿದರೆ ಸಾಲದು, ಅದನ್ನು 224 ಕ್ಷೇತ್ರಗಳ ಸೀಟುಗಳಿಗೆ ಬದಲಾಯಿಸಬೇಕು. 2023ರಲ್ಲಿ ಜಯನಗರ ತೀರ್ಮಾನವಾಗಿದ್ದು 16 ಮತಗಳಲ್ಲಿ. ಅದನ್ನು ಮೊದಲೇ ಹೇಳುವ ಸಮೀಕ್ಷೆ ಭೂಮಿ ಮೇಲಿಲ್ಲ.

ಎಣಿಕೆಯ ರಾತ್ರಿ ಮೊದಲು ಯಾರು ಮುಂದಿದ್ದರೆ ಅವರೇ ಗೆದ್ದ ಹಾಗಾ?

ಪೆನ್ಸಿಲ್ವೇನಿಯಾದಲ್ಲಿ ಅವಸರ ಬೇಡ. ಅಂಚೆಯಲ್ಲಿ ಬಂದ ಮತದ ಲಕೋಟೆಗಳನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮುಂಚೆ ತೆರೆಯುವಂತಿಲ್ಲ ಅಂತ ಅಲ್ಲಿನ ಕಾನೂನು. 2020ರಲ್ಲಿ ಅಂಚೆ ಮತ ಹಾಕಿದವರಲ್ಲಿ ಡೆಮಾಕ್ರಟರು ಜಾಸ್ತಿ ಇದ್ದರು, ಅವು ಎಣಿಕೆಗೆ ಬಂದದ್ದು ತಡವಾಗಿ. ರಾತ್ರಿ ಟ್ರಂಪ್ ಲಕ್ಷಗಟ್ಟಲೆ ಮುಂದಿದ್ದರು. ಮಂಗಳವಾರದ ಚುನಾವಣೆಗೆ ಬೈಡನ್ ಗೆದ್ದರು ಅಂತ ಸುದ್ದಿವಾಹಿನಿಗಳು ಹೇಳಿದ್ದು ಶನಿವಾರ.

ನಾನು ನೋಡುವುದು ಈರಿ ಮತ್ತು ನಾರ್ಥಾಂಪ್ಟನ್ ಅನ್ನುವ ಎರಡು ಕೌಂಟಿಗಳನ್ನು (ನಮ್ಮ ಜಿಲ್ಲೆಗಳ ಥರ). 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್, ಮೂರು ಸಲವೂ ರಾಜ್ಯ ಹೋದ ಕಡೆಯೇ ಹೋಗಿವೆ. ಮುಂದಿನ ಸಲವೂ ಹಾಗೇ ಆಗಬೇಕು ಅಂತೇನೂ ಇಲ್ಲ.

ಅಂತರ ತೀರಾ ಕಡಿಮೆ ಬಂದರೆ?

ಶೇ. 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆನ್ಸಿಲ್ವೇನಿಯಾದಲ್ಲಿ ಯಾರೂ ಕೇಳದೆಯೇ ಮರು ಎಣಿಕೆ ಆಗುತ್ತದೆ. ಸೋತವರು ಬೇಡ ಅಂದರೆ ನಿಲ್ಲಿಸುತ್ತಾರೆ. 2024ರ ಸೆನೆಟ್ ಸ್ಪರ್ಧೆಯಲ್ಲಿ ಮೆಕಾರ್ಮಿಕ್ ಮತ್ತು ಕೇಸಿ ನಡುವೆ ಉಳಿದಿದ್ದು ಸುಮಾರು 15,000 ಮತ. ಮರು ಎಣಿಕೆ ಶುರುವಾಗಿತ್ತು. ಮತದಾನ ಆಗಿ ಹದಿನಾರು ದಿನಕ್ಕೆ ಕೇಸಿ ಸೋಲು ಒಪ್ಪಿಕೊಂಡರು.

2028ಕ್ಕೂ ಪೆನ್ಸಿಲ್ವೇನಿಯಾದ್ದು 19 ಮತವೇನಾ?

ಹೌದು. 2030ರ ಜನಗಣತಿ ಆದ ಮೇಲೆ ಲೆಕ್ಕ ಬದಲಾಗಬಹುದು. ಚಿಕ್ಕಪ್ಪ ಈಗಲೇ ಕೇಳಲು ಶುರು ಮಾಡಿದ್ದಾರೆ, ಮುಂದಿನ ಸಲ ಯಾರು ಅಂತ. ಕೇರಂ ಚೀಲ ಇನ್ನೂ ಕಪಾಟಿನಲ್ಲೇ ಇದೆ.